ಗಾಳಿ ದೋಣಿ ಕೊಂಡ ಐದು ತಿಂಗಳು

ದೋಣಿ ಈಗ ತಾರಸಿಯ ಮೇಲೆ ಒಣಗುತ್ತಿದೆ. ಅರ್ಧ ಗಾಳಿ ಬಿಟ್ಟು ಮಗುಚಿ ಹಾಕಿದ್ದೇನೆ. ಕೊಳ್ಳೋಣ ಅಂತ ಮನೆಯಲ್ಲಿ ಮೊದಲು ಮಾತೆತ್ತಿದ ದಿನದಿಂದ ನಿನ್ನೆ ಮೊದಲ ಮೀನು ಸಿಕ್ಕಿದ ಹೊತ್ತಿನವರೆಗೆ ಸರಿಯಾಗಿ ಐದು ತಿಂಗಳು. ಇದರಲ್ಲಿ ನೀರಿನ ಮೇಲೆ ಕಳೆದದ್ದು ಒಟ್ಟು ಏಳು ಗಂಟೆ ಇದ್ದರೆ ಹೆಚ್ಚು. ಉಳಿದದ್ದೆಲ್ಲ ಓದುವುದು, ಅಳೆಯುವುದು, ಕಾಯುವುದು, ವಾಪಸು ಕೊಡುವುದು, ಮತ್ತೆ ಕಾಯುವುದು. ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ಇದೇ ದಾರಿ ಹಿಡಿಯುವವರಿಗೆ ಒಂದೆರಡು ಎಡವು ತಪ್ಪಿದರೂ ಸಾಕು.

ನಮ್ಮದು ನಾಲ್ಕು ಜನರ ಸಂಸಾರ. ಮಗಳಿಗೆ 11, ಮಗನಿಗೆ 7. ಮಕ್ಕಳಿಗೆ ನೀರಿನ ಮೇಲೆ ತೇಲಬೇಕು. ಹೆಂಡತಿಗೆ ವಾರಕ್ಕೊಂದು ದಿನ ಯಾರೂ ಫೋನ್ ಮಾಡದ ಜಾಗದಲ್ಲಿ ಸುಮ್ನೆ ಕೂರಬೇಕು. ನನಗೆ ಗಾಳ. ದಡದಲ್ಲಿ ನಿಂತು ಎಷ್ಟೇ ಜೋರಾಗಿ ಎಸೆದರೂ ಗಾಳ ಮುಟ್ಟದ ಜಾಗದಲ್ಲೇ ಮೀನು ನೆಗೆಯುವುದನ್ನು ವರ್ಷಗಟ್ಟಲೆ ನೋಡಿ ನೋಡಿ ಸಾಕಾಗಿತ್ತು. ಎರಡು ದೋಣಿಯಲ್ಲಿ ಕಾಲಿಡಬೇಡ ಅನ್ನುತ್ತಾರೆ. ನಾನು ಒಂದೇ ದೋಣಿಯಲ್ಲಿ ಮನೆಮಂದಿಯ ಸುತ್ತಾಟವನ್ನೂ ಮೀನು ಬೇಟೆಯನ್ನೂ ಕೂರಿಸಲು ಹೊರಟಿದ್ದೆ.

ಶುರುವಾದದ್ದು ಭಾವಮೈದುನನ ದೋಣಿಯಿಂದ. ದೋಣಿ ಅನ್ನುವುದಕ್ಕಿಂತ ಈಜುಕೊಳದ ಆಟದ ಸಾಮಾನು ಅನ್ನಬೇಕು. ತೆಳುವಾದ ವಿನೈಲ್ ಹಾಳೆ, ತುಂಡು ತುಂಡಾಗಿ ಸಿಕ್ಕಿಸುವ ಪ್ಲಾಸ್ಟಿಕ್ ಹುಟ್ಟು. "ತಗೊಂಡು ಹೋಗಿ ನೋಡಿ ಭಾವ, ಇಷ್ಟ ಆದ್ರೆ ನೀವೇ ಇಟ್ಕೊಳ್ಳಿ" ಅಂದ. ಬೆಳಿಗ್ಗೆ ಏಳಕ್ಕೆ ನೀರು ಅಲುಗಾಡದೆ ನಿಂತಿತ್ತು. ನಾನೂ ಮಗಳೂ ದಡದಿಂದ ಇನ್ನೂರು ಮೀಟರ್ ಒಳಗೆ ಹೋದೆವು. ಹತ್ತು ಗಂಟೆಯ ಹೊತ್ತಿಗೆ ಗಾಳಿ ಎದ್ದಿತು. ಬಿರುಗಾಳಿಯೇನಲ್ಲ, ಹಗ್ಗದ ಮೇಲಿನ ಬಟ್ಟೆ ಪಟಪಟ ಅನ್ನುವಷ್ಟು. ಗಾಳಿ ತುಂಬಿದ ದೋಣಿಗೆ ನೀರಿನೊಳಗೆ ಹಿಡಿತವೇ ಇಲ್ಲ, ಎಲೆಯ ಹಾಗೆ ಮೇಲೆ ಕೂತಿರುತ್ತದೆ. ಮೂರು ಸಲ ಹುಟ್ಟು ಹಾಕಿ ಮುಂದೆ ಹೋದದ್ದನ್ನು ಗಾಳಿ ಒಂದೇ ಉಸಿರಿಗೆ ಹಿಂದಕ್ಕೆ ತಳ್ಳುತ್ತಿತ್ತು. ಇನ್ನೂರು ಮೀಟರ್ ವಾಪಸು ಬರಲು 40 ನಿಮಿಷ ಹಿಡಿಯಿತು. ಒಂದು ಕಡೆ ಹುಟ್ಟು ಸಿಕ್ಕಿಸುವ ಕೊಂಡಿ ಅಂಟು ಬಿಟ್ಟು ಏಳುತ್ತಿತ್ತು. ಮಗಳು ಮಾತಿಲ್ಲದೆ ಅದನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದಳು. ದಡ ಮುಟ್ಟಿದ ಮೇಲೆ ಕೇಳಿದಳು: "ಅಪ್ಪ, ನಾವು ಕೊಳ್ಳೋದು ಇದಲ್ಲ ಅಲ್ವಾ?"

ಇದಲ್ಲ. ಹಾಗಾದರೆ ಯಾವುದು ಅನ್ನುವುದಕ್ಕೆ ಎರಡು ತಿಂಗಳು ಬೇಕಾಯಿತು.

ಮೊದಲು ಬಟ್ಟೆ. ಗಟ್ಟಿ ಗಾಳಿ ದೋಣಿಗಳು ಮುಖ್ಯವಾಗಿ ಎರಡು ಬಗೆಯ ಬಟ್ಟೆಯಲ್ಲಿ ಬರುತ್ತವೆ: ಪಿವಿಸಿ ಮತ್ತು ಹೈಪಲಾನ್. ಹೈಪಲಾನ್ ಅನ್ನುವುದು ಡ್ಯುಪಾಂಟ್ ಕಂಪನಿ ಇಟ್ಟಿದ್ದ ಹೆಸರು. ಅವರು 2010ರಲ್ಲಿ ಅದರ ತಯಾರಿಕೆ ನಿಲ್ಲಿಸಿದರು. ಅದೇ ಜಾತಿಯ ರಬ್ಬರನ್ನು ಈಗ ಸಿಎಸ್‌ಎಂ ಅಂತ ಮಾರುತ್ತಾರೆ, ಆದರೆ ಜನರ ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ. ಬಿಸಿಲನ್ನು ಅದು ಪಿವಿಸಿಗಿಂತ ಚೆನ್ನಾಗಿ ತಡೆಯುತ್ತದೆ, ಬೆಲೆಯೂ ಹಾಗೇ ಮೇಲಿದೆ. ವರ್ಷವಿಡೀ ದೋಣಿಯನ್ನು ನೀರಲ್ಲೇ, ಬಿಸಿಲಲ್ಲೇ ಬಿಡುವವರಿಗೆ ಅದು ಬೇಕು. ಹೋದಾಗ ತುಂಬಿ, ಬರುವಾಗ ಮಡಚಿ ತರುವ ನಮಗೆ ಪಿವಿಸಿ ಸಾಕು ಅಂತ ತೀರ್ಮಾನಿಸಿದೆ. ಈ ಪಿವಿಸಿ ಆಟದ ದೋಣಿಯ ಹಾಳೆಯಂಥದ್ದಲ್ಲ. ನಡುವೆ ಪಾಲಿಯೆಸ್ಟರ್ ನೇಯ್ಗೆ ಇದ್ದು ಎರಡೂ ಬದಿಗೆ ಪಿವಿಸಿ ಬಳಿದಿರುತ್ತಾರೆ. ನಮ್ಮಂಥವರ ಅಳತೆಯ ದೋಣಿಗೆ 0.9 ಮಿಲಿಮೀಟರ್ ದಪ್ಪ ಸಾಮಾನ್ಯ. ಬಟ್ಟೆಯ ದಪ್ಪದಷ್ಟೇ ಮುಖ್ಯ ಅದರ ಜೋಡಣೆ. ಕೆಲವಕ್ಕೆ ಅಂಟು ಹಾಕಿರುತ್ತಾರೆ, ಕೆಲವನ್ನು ಬಿಸಿಯಲ್ಲಿ ಕರಗಿಸಿ ಬೆಸೆದಿರುತ್ತಾರೆ. ಕೈಯಿಂದ ಹಚ್ಚಿದ ಅಂಟು ಹಚ್ಚಿದವನ ಗಮನ ಇದ್ದಷ್ಟೇ ಗಟ್ಟಿ, ವರ್ಷಾನುಗಟ್ಟಲೆ ಬಿಸಿಲು ಕಂಡರೆ ಸಡಿಲವಾಗುವುದೂ ಉಂಟು. ನಾನು ಬೆಸೆದದ್ದನ್ನೇ ಹುಡುಕಿದೆ. ಅಂಗಡಿಯಲ್ಲಿ ನೋಡುವಾಗ ಜೋಡಣೆಯ ಅಂಚಿನ ಮೇಲೆ ಉಗುರು ಓಡಿಸಿ. ಎಲ್ಲಾದರೂ ಎದ್ದಿದ್ದರೆ ಕೈಗೆ ತಿಳಿಯುತ್ತದೆ.

ಆಮೇಲೆ ಅಳತೆ. ಇಲ್ಲಿ ನಾನು ಸುಮಾರು ಮೋಸ ಹೋಗುವುದರಲ್ಲಿದ್ದೆ.

ಮೊದಲು ಮನಸ್ಸು ಹಾಕಿದ್ದು 2.4 ಮೀಟರ್ ಉದ್ದದ ಒಂದು ದೋಣಿಯ ಮೇಲೆ. ಹಗುರ, ಅಗ್ಗ, ಮೂರು ಜನಕ್ಕೆ ಅಂತ ಬರೆದಿತ್ತು. ನಾಲ್ಕನೆಯವನು ಏಳು ವರ್ಷದವನು, ಎಲ್ಲೋ ಸಿಕ್ಕಿಸಿದರಾಯಿತು ಅಂದುಕೊಂಡೆ. ಹೆಂಡತಿ ಕಾಗದ ನೋಡಿ, "ರೀ, ಈ ಅಗಲ ಹೊರಗಿನದೋ ಒಳಗಿನದೋ?" ಅಂದಳು. ಹೊರಗಿನದು. ಎರಡು ಬದಿಯ ಟ್ಯೂಬಿನ ದಪ್ಪ ಕಳೆದರೆ ಒಳಗೆ ಉಳಿಯುವುದು 63 ಸೆಂಟಿಮೀಟರ್. ನಾನು ನಂಬಲಿಲ್ಲ. ಮಗಳ ಸೀಮೆಸುಣ್ಣ ತಂದು ನಡುಮನೆಯ ನೆಲದ ಮೇಲೆ ಒಳಗಿನ ಅಳತೆಯನ್ನೇ ಬರೆದೆವು. ಮುಂದಿನ ತುದಿ ಕಿರಿದಾಗುವುದನ್ನೂ ಸೇರಿಸಿದರೆ ಉದ್ದ ಒಂದೂವರೆ ಮೀಟರ್. ಬ್ಯಾಟರಿಯ ಬದಲು ಒಂದು ಚೀಲ, ಗಾಳದ ಸಾಮಾನಿನ ಡಬ್ಬಿ, ನಾಲ್ಕು ಜನ. ಮಗ ನನ್ನ ಪಾದದ ಮೇಲೆ ಕೂತ. ಮಗಳ ಮೊಣಕಾಲು ಗೆರೆಯ ಹೊರಗೆ. ನಾನು ರಾಡ್ ಹಿಡಿದು ಎಸೆಯುವ ಹಾಗೆ ಕೈ ಬೀಸಿದೆ, ಅದು ನೇರ ಹೆಂಡತಿಯ ಕಿವಿಗೆ ಬಡಿಯಿತು. ಅಲ್ಲಿಗೆ ಆ ದೋಣಿಯ ಕಥೆ ಮುಗಿಯಿತು.

ಒರೆಸಿ 3.2 ಮೀಟರಿನದನ್ನು ಬರೆದೆವು. ಹೊರ ಅಗಲ 154 ಸೆಂಟಿಮೀಟರ್, ಟ್ಯೂಬ್ 43. ಒಳಗೆ 68 ಸೆಂಟಿಮೀಟರ್ ಅಗಲ, 2.2 ಮೀಟರ್ ಉದ್ದ. ಅಗಲ ಹೆಚ್ಚೇನೂ ಬೆಳೆಯಲಿಲ್ಲ, ಉದ್ದ ಬೆಳೆಯಿತು. ಮಕ್ಕಳು ಮುಂದೆ, ಹೆಂಡತಿ ನಡುವೆ, ನಾನು ಹಿಂದೆ. ಅರ್ಧ ಗಂಟೆ ಹಾಗೇ ಕೂತೆವು. ಯಾರೂ ಎದ್ದು ಹೋಗಲಿಲ್ಲ. ಮಗ ಅಲ್ಲೇ ನಿದ್ದೆ ಹೋದ. ಇಷ್ಟು ದಿನ ಓದಿದ್ದಕ್ಕಿಂತ ಆ ಅರ್ಧ ಗಂಟೆಯಲ್ಲಿ ತಿಳಿದದ್ದು ಜಾಸ್ತಿ. ದುಡ್ಡು ಕೊಡುವ ಮೊದಲು ನೀವೂ ನೆಲದ ಮೇಲೆ ಗೆರೆ ಎಳೆದು ಕೂತು ನೋಡಿ. ಟೇಪು, ಸೀಮೆಸುಣ್ಣ ಎರಡೇ ಬೇಕಾಗಿರುವುದು.

"ಇಷ್ಟು ಜನಕ್ಕೆ" ಅನ್ನುವ ಮಾತನ್ನು ನಂಬುವುದಕ್ಕಿಂತ ಹಿಂಬದಿಯ ಹಲಗೆಗೆ ಅಂಟಿಸಿರುವ ಫಲಕ ಓದುವುದು ಒಳ್ಳೆಯದು. ಒಟ್ಟು ಎಷ್ಟು ಕಿಲೋ ಹೊರಬಹುದು, ಮೋಟಾರಿನ ಶಕ್ತಿ ಎಷ್ಟು ಮೀರಬಾರದು, ಟ್ಯೂಬಿಗೆ ಎಷ್ಟು ಒತ್ತಡ ಎಲ್ಲ ಅದರಲ್ಲಿ ಇರುತ್ತದೆ. ಐಎಸ್‌ಒ 6185 ಅಂತ ನಮೂದಿಸಿದೆಯೇ ನೋಡಿ, ಗಾಳಿ ದೋಣಿಗಳಿಗೇ ಇರುವ ಮಾನದಂಡ ಅದು. ಫಲಕವೇ ಇಲ್ಲದ ಒಂದು ದೋಣಿಯನ್ನು ನನಗೆ ಬಹಳ ಕಡಿಮೆ ಬೆಲೆಗೆ ತೋರಿಸಿದ್ದರು. ಕೇಳಿದರೆ "ಅದು ಬಿದ್ದುಹೋಗಿದೆ" ಅಂದರು. ಅಂಟಿನ ಗುರುತೂ ಇರಲಿಲ್ಲ.

ತಳದ ವಿಷಯದಲ್ಲಿ ಮನೆಯಲ್ಲಿ ಜಗಳವೇ ಆಯಿತು. ಮೂರು ಬಗೆ ಇವೆ. ಮರದ ಪಟ್ಟಿಗಳನ್ನು ಬಟ್ಟೆಗೆ ಸೇರಿಸಿದ ತಳ, ಚಾಪೆ ಹಾಗೆ ಸುತ್ತಬಹುದು. ಪ್ಲೈವುಡ್ ಅಥವಾ ಅಲ್ಯೂಮಿನಿಯಂ ಹಲಗೆ ಜೋಡಿಸುವ ಗಟ್ಟಿ ತಳ. ಮೂರನೆಯದು ಗಾಳಿ ತಳ: ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ಒಳಗೊಳಗೇ ಸಾವಿರಾರು ದಾರ ಹೊಲಿದಿರುತ್ತಾರೆ, ಹಾಗಾಗಿ ಎಷ್ಟು ತುಂಬಿದರೂ ಉಬ್ಬದೆ ಹಲಗೆ ಹಾಗೆ ಚಪ್ಪಟೆಯಾಗಿ ನಿಲ್ಲುತ್ತದೆ. ನನಗೆ ಅಲ್ಯೂಮಿನಿಯಂ ಬೇಕಿತ್ತು. ನಿಂತು ಗಾಳ ಹಾಕುವವನಿಗೆ ಅದೇ ವಾಸಿ, ಕಾಲಡಿ ಅಲುಗುವುದಿಲ್ಲ. ಅಂಗಡಿಯಲ್ಲಿ ಜೋಡಿಸಿ ನೋಡಿ ಅಂದರು. ಕೊನೆಯ ಎರಡು ಹಲಗೆಗಳನ್ನು ಗುಡಾರದ ಹಾಗೆ ಎತ್ತಿ ನಿಲ್ಲಿಸಿ ಮೇಲಿಂದ ತುಳಿದು ಕೂರಿಸಬೇಕು. ತುಳಿದೆ, ಎಡಗೈ ಬೆರಳು ನಡುವೆ ಸಿಕ್ಕಿತು. ಉಗುರು ಕಪ್ಪಾಗಿ ಆರು ವಾರಕ್ಕೆ ಉದುರಿತು. ಅದಾದರೂ ಸಹಿಸುತ್ತಿದ್ದೆ. ಆ ದೋಣಿಯ ತೂಕ 58 ಕಿಲೋ.

ನಾವಿರುವುದು ಎರಡನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಮನೆಗೆ ಬಂದು ಹಳೆಯ ಸೂಟ್‌ಕೇಸಿಗೆ 30 ಕಿಲೋ ಪುಸ್ತಕ ತುಂಬಿ ಕೆಳಗೆ ಇಳಿಸಿ ಮತ್ತೆ ಹತ್ತಿಸಿದೆ. ಮೊದಲ ತಿರುವಿನಲ್ಲೇ ಕೂತೆ. ಗಾಳಿ ತಳದ ಅದೇ ಅಳತೆಯ ದೋಣಿ 38 ಕಿಲೋ, ಅದೂ ಎರಡು ಚೀಲದಲ್ಲಿ. ಮಹಡಿಯಿಂದ ಇಳಿಸುವುದೇ ಕಷ್ಟವಾದರೆ ನಾಲ್ಕನೇ ವಾರಕ್ಕೆ "ಇವತ್ತು ಬೇಡ ಬಿಡು" ಅನ್ನುತ್ತೇನೆ ಅಂತ ನನ್ನ ಬಗ್ಗೆ ನನಗೇ ಗೊತ್ತು. ಗಾಳಿ ತಳ ಅಂತಾಯಿತು. ಅದಕ್ಕೂ ಕೊರತೆ ಇದೆ: ಒದ್ದೆಯಾದರೆ ಜಾರುತ್ತದೆ, ಗಾಳದ ಕೊಕ್ಕೆ ಬಿದ್ದರೆ ಎದೆ ಝಲ್ ಅನ್ನುತ್ತದೆ. ಮೇಲೆ ಒಂದು ಫೋಮ್ ಚಾಪೆ ಹಾಸಿದ್ದೇನೆ.

ಹತ್ತು ದಿನದಲ್ಲಿ ಬರುತ್ತದೆ ಅಂದ ದೋಣಿ 26 ದಿನಕ್ಕೆ ಬಂತು. ಮಗ ದಿನಾ ಸಂಜೆ ಕಿಟಕಿಯಲ್ಲಿ ನಿಲ್ಲುತ್ತಿದ್ದ. ಬಂದಾಗ ಪೆಟ್ಟಿಗೆಯಲ್ಲಿ ಕಾಲಿನ ಪಂಪ್ ಮಾತ್ರ ಇತ್ತು. ಟ್ಯೂಬಿಗೆ 0.25 ಬಾರ್ (ಒತ್ತಡ ಅಳೆಯುವ ಮಾನ) ಸಾಕು, ಅಷ್ಟನ್ನು ಆ ಪಂಪ್ ಕೊಡುತ್ತದೆ. ತಳಕ್ಕೆ 0.7 ಬಾರ್ ಬೇಕು. ಎಷ್ಟು ತುಳಿದರೂ ತಳ ಹಾಸಿಗೆ ಹಾಗೆ ಮೆತ್ತಗೇ ಇತ್ತು. ನಾನು ತಳದಲ್ಲೇ ತೂತು ಅಂದುಕೊಂಡೆ, ಅಂಗಡಿಗೆ ಫೋನ್ ಮಾಡಿ ಜೋರೂ ಮಾಡಿದೆ. ತಳಕ್ಕೆ ಬೇಕಾದದ್ದು ನಿಂತು ಒತ್ತುವ ಕೈಪಂಪು ಅಥವಾ ಹೆಚ್ಚು ಒತ್ತಡದ ಎಲೆಕ್ಟ್ರಿಕ್ ಪಂಪು ಅಂತ ಆಗ ತಿಳಿಯಿತು. ಅದಕ್ಕೆ ಬೇರೆ ದುಡ್ಡು. ಗಾಳಿ ಹಾಸಿಗೆಗೆ ಬಳಸುವ ಚಿಕ್ಕ ಎಲೆಕ್ಟ್ರಿಕ್ ಪಂಪಿನಿಂದ ಈ ಕೆಲಸ ಆಗುವುದಿಲ್ಲ, ಅದು ಬೇಗ ತುಂಬಿಸುತ್ತದೆ ಅಷ್ಟೇ, ಬಿಗಿ ಬರಿಸುವುದಿಲ್ಲ.

ಮೊದಲ ಸಲ ತುಂಬುವಾಗ ಸೋಫಾ ಎತ್ತಿ ಗೋಡೆಗೆ ನಿಲ್ಲಿಸಬೇಕಾಯಿತು. ನಮ್ಮ ದೋಣಿಯ ಟ್ಯೂಬಿನಲ್ಲಿ ಮೂರು ಚೇಂಬರ್ ಇವೆ. ಒಂದು ಒಡೆದರೂ ಉಳಿದವು ತೇಲಿಸಲಿ ಅಂತ. ನಡುವೆ ಬಟ್ಟೆಯದೇ ಗೋಡೆ. ಒಂದನ್ನು ಪೂರ್ತಿ ಬಿಗಿದು ಆಮೇಲೆ ಪಕ್ಕದ್ದಕ್ಕೆ ಹೋದರೆ ಆ ಗೋಡೆಯ ಮೇಲೆ ಒಂದೇ ಕಡೆಯಿಂದ ಒತ್ತಡ ಬೀಳುತ್ತದೆ. ಎಲ್ಲವನ್ನೂ ಅರ್ಧರ್ಧ ತುಂಬಿ, ಮತ್ತೆ ಒಂದು ಸುತ್ತು ಬಂದು ಬಿಗಿ ಮಾಡಬೇಕು. ಇನ್ನೊಂದು ವಿಷಯ ವಾಲ್ವಿನದು. ಒಳಗೆ ಒಂದು ಮೊಳೆ ಇರುತ್ತದೆ. ಒತ್ತಿ ತಿರುಗಿಸಿದರೆ ಕೆಳಗೇ ನಿಲ್ಲುತ್ತದೆ, ಆಗ ಗಾಳಿ ಹೊರಗೆ. ಇನ್ನೊಮ್ಮೆ ತಿರುಗಿಸಿದರೆ ಮೇಲೇಳುತ್ತದೆ, ಆಗ ಗಾಳಿ ಒಳಗೇ ಉಳಿಯುತ್ತದೆ. ಇದು ಗೊತ್ತಿಲ್ಲದೆ ಹತ್ತು ನಿಮಿಷ ತುಂಬಿ ಮೆದುಗೊಳವೆ ಕಿತ್ತೆ. ಬುಸ್ಸ್ ಅಂತ ಇಡೀ ಚೇಂಬರಿನ ಗಾಳಿ ಮುಖಕ್ಕೆ ಹೊಡೆಯಿತು. ಮಕ್ಕಳು ಬಿದ್ದು ಬಿದ್ದು ನಕ್ಕರು, ಇನ್ನೊಮ್ಮೆ ಮಾಡಿ ಅಂದರು.

ತುಂಬಿ ಒಂದು ದಿನ ಹಾಗೇ ಬಿಡಿ ಅಂತ ಕೈಪಿಡಿ ಹೇಳುತ್ತದೆ. ಮಧ್ಯಾಹ್ನ ತಾರಸಿಗೆ ಸಾಗಿಸಿ ಬಿಟ್ಟೆ. ಬೆಳಿಗ್ಗೆ ಹೋಗಿ ನೋಡಿದರೆ ಟ್ಯೂಬು ಬೆರಳಿಗೆ ತಗ್ಗುತ್ತಿತ್ತು. ಎದೆ ಒಡೆದು ಹೋಯಿತು. ಸೋಪಿನ ನೀರು ಹಚ್ಚಿ ಜೋಡಣೆಯ ಉದ್ದಕ್ಕೂ ಮೂರು ಸಲ ನೋಡಿದೆ. ಒಂದೂ ಗುಳ್ಳೆ ಇಲ್ಲ. ಕಾರಣ ತೂತಲ್ಲ, ತಂಪು. ಮಧ್ಯಾಹ್ನ 35 ಡಿಗ್ರಿಯಲ್ಲಿ 0.25 ಬಾರ್‌ಗೆ ತುಂಬಿದ ಗಾಳಿ ರಾತ್ರಿ 22 ಡಿಗ್ರಿಗೆ ತಣ್ಣಗಾದರೆ ಒತ್ತಡ ಸುಮಾರು 0.20ಕ್ಕೆ ಇಳಿಯುತ್ತದೆ. ಐದರಲ್ಲಿ ಒಂದು ಪಾಲು ಹೋದ ಹಾಗೆ. ಬಿಸಿಲಿನಲ್ಲಿ ತುಂಬಿ ತಣ್ಣನೆಯ ನೀರಿಗೆ ಇಳಿಸಿದರೂ ಇದೇ ಆಗುತ್ತದೆ, ಹಾಗಾಗಿ ಪಂಪನ್ನು ದಡದಲ್ಲಿ ಬಿಟ್ಟು ಹೋಗಬೇಡಿ. ಅಪಾಯ ಇರುವುದು ಇದರ ಉಲ್ಟಾ ದಾರಿಯಲ್ಲಿ. ಬೆಳಗಿನ ತಂಪಿನಲ್ಲಿ ಬಿಗಿಯಾಗಿ ತುಂಬಿದ ದೋಣಿಯನ್ನು ದಡಕ್ಕೆ ಎಳೆದು ಸುಡುವ ಬಿಸಿಲಲ್ಲಿ ಬಿಟ್ಟರೆ ಒತ್ತಡ ಸುಮ್ಮನೆ ಏರುತ್ತಾ ಹೋಗುತ್ತದೆ. ದಡಕ್ಕೆ ತಂದ ಕೂಡಲೇ ನಾವು ಎಲ್ಲ ಚೇಂಬರಿನಿಂದ ಒಂದಿಷ್ಟು ಗಾಳಿ ಬಿಡುತ್ತೇವೆ.

ಆದರೆ ಎರಡನೇ ದಿನ ಬಲಗಡೆಯ ಚೇಂಬರ್ ಮಾತ್ರ ಉಳಿದವಕ್ಕಿಂತ ಮೆತ್ತಗಾಗಿತ್ತು. ಎಲ್ಲ ಒಟ್ಟಿಗೆ ಮೆತ್ತಗಾದರೆ ಹವೆ, ಒಂದೇ ಆದರೆ ತೂತು. ಈ ಸಲ ಸೋಪಿನ ನೀರಲ್ಲಿ ವಾಲ್ವಿನ ಅಂಚಿಗೆ ಸಾಸಿವೆ ಗಾತ್ರದ ಗುಳ್ಳೆಗಳು ಒಂದರ ಹಿಂದೆ ಒಂದು ಎದ್ದವು. ವಾಲ್ವ್ ಸಡಿಲವಾಗಿತ್ತು. ರಿಪೇರಿ ಚೀಲದಲ್ಲಿ ಹಲ್ಲಿರುವ ಒಂದು ಪ್ಲಾಸ್ಟಿಕ್ ಕೊಳವೆ ಇರುತ್ತದೆ, ಏನಕ್ಕೆ ಅಂತ ಗೊತ್ತಾಗದೆ ಎಸೆಯಬೇಡಿ. ಅದೇ ವಾಲ್ವ್ ಬಿಗಿಯುವ ಸ್ಪ್ಯಾನರ್. ಕಾಲು ಸುತ್ತು ತಿರುಗಿಸಿದೆ, ನಿಂತಿತು.

ಈಗ ಮೋಟಾರಿನ ಕಥೆ. ಇದು ನನ್ನ ದುಡುಕು. ದೋಣಿ ಬರುವ ಮೊದಲೇ ಒಂದು ಹಳೆಯ 4 ಅಶ್ವಶಕ್ತಿಯ ಪೆಟ್ರೋಲ್ ಮೋಟಾರ್ ಒಳ್ಳೆ ಬೆಲೆಗೆ ಸಿಗುತ್ತದೆ ಅಂತ ಮುಂಗಡ ಕೊಟ್ಟೆ. ಮನೆಗೆ ತಂದು ಹಿಂಬದಿಯ ಹಲಗೆಗೆ ಸಿಕ್ಕಿಸಿ ನೋಡಿದರೆ ಫ್ಯಾನು ತುಂಬಾ ಕೆಳಗೆ ಇಳಿದಿದೆ. ಈ ಮೋಟಾರುಗಳಿಗೆ ಗಿಡ್ಡ ಕಾಲು, ಉದ್ದ ಕಾಲು ಅಂತ ಇದೆ. ಗಿಡ್ಡದ್ದು ಸುಮಾರು 38 ಸೆಂಟಿಮೀಟರ್, ಉದ್ದದ್ದು 51. ಚಿಕ್ಕ ಗಾಳಿ ದೋಣಿಗೆ ಸಾಮಾನ್ಯವಾಗಿ ಗಿಡ್ಡದ್ದೇ ಬೇಕು. ಫ್ಯಾನಿನ ಮೇಲಿರುವ ಚಪ್ಪಟೆ ತಗಡು ದೋಣಿಯ ತಳದ ಮಟ್ಟಕ್ಕೆ, ಇಲ್ಲ ಎರಡು ಬೆರಳು ಕೆಳಗೆ ಬರಬೇಕು. ನನ್ನದು ಗೇಣು ಕೆಳಗೆ ನೇತಾಡುತ್ತಿತ್ತು. ಮಾರಿದವರು "ನೀವು ಕೇಳಲಿಲ್ಲವಲ್ಲ" ಅಂದರು. ಕೇಳಿರಲಿಲ್ಲ, ನಿಜ. ಮುಂಗಡದಲ್ಲಿ ಅರ್ಧ ಮಾತ್ರ ವಾಪಸು ಬಂತು.

ಆ ನಷ್ಟ ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು. ಅನುಮತಿ ಕೇಳಲು ಹೋದಾಗ ನಾವು ಹೋಗಬೇಕೆಂದಿದ್ದ ನೀರಿನಲ್ಲಿ ಪೆಟ್ರೋಲ್ ಮೋಟಾರಿಗೆ ಅವಕಾಶವೇ ಇಲ್ಲ ಅಂದರು. ಹುಟ್ಟು, ಇಲ್ಲವೇ ಬ್ಯಾಟರಿ ಮೋಟಾರ್. ಒಂದೊಂದು ನೀರಿಗೆ ಒಂದೊಂದು ನಿಯಮ. ಮೋಟಾರಿಗೆ ಬೇರೆ, ಮೀನು ಹಿಡಿಯುವುದಕ್ಕೆ ಬೇರೆ, ಕೆಲವು ಕಡೆ ದೋಣಿಯ ನೋಂದಣಿಯೂ ಬೇರೆ. ದೋಣಿ ನೋಡುವ ಮೊದಲು ನೀರು ಯಾರ ಸುಪರ್ದಿಯಲ್ಲಿದೆ ಅಂತ ತಿಳಿದು ಅಲ್ಲಿ ವಿಚಾರಿಸಿ. ನಾನು ಮಾಡಿದ್ದು ಹಿಂದುಮುಂದು.

ಅನುಮತಿಯ ಅರ್ಜಿಯಲ್ಲಿ ದೋಣಿಯ ಗುರುತಿನ ಸಂಖ್ಯೆ ಕೇಳಿದರು. ಹಲಗೆಯ ಮೇಲೆ ಚಿಕ್ಕ ಪಟ್ಟಿಯಲ್ಲಿ ಅಕ್ಷರ, ಅಂಕಿ ಸೇರಿ 12 ಅಥವಾ 14 ಇರುತ್ತವೆ. ನಮ್ಮ ಬಿಲ್ಲಿನಲ್ಲಿ ಆ ಸಂಖ್ಯೆ ಇರಲಿಲ್ಲ. "ಈ ಬಿಲ್ಲು ಈ ದೋಣಿಯದೇ ಅಂತ ಹೇಗೆ ನಂಬೋದು?" ಅಂದರು. ಪ್ರಶ್ನೆ ನ್ಯಾಯವಾದದ್ದೇ. ಅಂಗಡಿಯಿಂದ ತಿದ್ದಿದ ಬಿಲ್ಲು ಬರಲು ಒಂಬತ್ತು ದಿನ, ಅರ್ಜಿ ಮುಂದೆ ಹೋಗಲು ಮತ್ತೆ ಎರಡು ವಾರ. ಆ ಎರಡು ವಾರ ದೋಣಿ ಚೀಲದಲ್ಲಿ, ನಾನು ಚಡಪಡಿಕೆಯಲ್ಲಿ. ಕೊಳ್ಳುವ ದಿನವೇ ಆ ಸಂಖ್ಯೆಯನ್ನು ಬಿಲ್ಲಿನಲ್ಲಿ ಬರೆಸಿ, ಪಟ್ಟಿಯ ಫೋಟೋ ತೆಗೆದಿಡಿ. ವಾರಂಟಿಗೂ ಅದನ್ನೇ ಕೇಳುತ್ತಾರೆ.

ಬ್ಯಾಟರಿ ಮೋಟಾರಿನ ಬಲವನ್ನು ಪೌಂಡಿನಲ್ಲಿ ಹೇಳುತ್ತಾರೆ. ನಾವು ಕೊಂಡದ್ದು 12 ವೋಲ್ಟಿನ, 55 ಪೌಂಡಿನದು. ಪೂರ್ತಿ ವೇಗಕ್ಕೆ ಇಟ್ಟರೆ ಹೆಚ್ಚುಕಡಿಮೆ 50 ಆಂಪಿಯರ್ ಎಳೆಯುತ್ತದೆ. 100 ಆಂಪಿಯರ್ ಅವರ್ ಬ್ಯಾಟರಿ ಎರಡು ಗಂಟೆ ಬರಬೇಕು ಅನ್ನುವುದು ಕಾಗದದ ಲೆಕ್ಕ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯಸ್ಸು ಕಡಿಮೆಯಾಗುತ್ತದೆ, ಅಂದರೆ ಒಂದೇ ಗಂಟೆ. ಮೇಲೆ ಅದು 25 ಕಿಲೋ ದಾಟುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ 12 ಕಿಲೋ ಆಸುಪಾಸು, ಬಹುಪಾಲು ಪೂರ್ತಿ ಬಳಸಬಹುದು. ಬೆಲೆ ಕೇಳಿ ಹೆಂಡತಿ ಎರಡು ದಿನ ಆ ಮಾತೇ ಎತ್ತಬೇಡಿ ಅಂದಳು. ಕೊನೆಗೆ ಮತ್ತೆ ಮಹಡಿಯೇ ತೀರ್ಮಾನ ಮಾಡಿತು. ಮೂರನೇ ಗೇರಿನಲ್ಲಿ ನಿಧಾನಕ್ಕೆ ಹೋದರೆ ಅರ್ಧ ದಿನಕ್ಕೂ ಸಾಕಾಗುತ್ತದೆ. ಬ್ಯಾಟರಿಯ ತಂತಿಗೆ ಫ್ಯೂಸ್ ಅಥವಾ ಬ್ರೇಕರ್ ಹಾಕಿಸದೆ ಬಿಡಬೇಡಿ. ಫ್ಯಾನಿಗೆ ಜೊಂಡು ಸುತ್ತಿಕೊಂಡರೆ ತಂತಿ ಸುಡುವಷ್ಟು ಬಿಸಿಯಾಗಬಹುದು. ವೇಗದ ಆಸೆ ಇದ್ದವರಿಗೆ ಇದು ಸರಿಹೋಗದು, ಜೋರಾಗಿ ನಡೆಯುವವನ ವೇಗ ಅಷ್ಟೇ ಬರುತ್ತದೆ. ಆದರೆ ಸದ್ದಿಲ್ಲ. ಮೀನು ಹಿಡಿಯುವವನಿಗೆ ಇನ್ನೇನು ಬೇಕು?

ಲೈಫ್ ಜಾಕೆಟ್ಟಿನಲ್ಲಿ ನಾನು ಉಳಿಸಲು ಹೋಗಲಿಲ್ಲ. ಅದರ ಮೇಲೆ ನ್ಯೂಟನ್ ಲೆಕ್ಕದಲ್ಲಿ ಒಂದು ಸಂಖ್ಯೆ ಇರುತ್ತದೆ. 50 ಅಂದರೆ ಈಜು ಬರುವವರಿಗೆ ಆಸರೆ ಅಷ್ಟೇ. ಮಕ್ಕಳಿಗೆ ನಾವು 100ರದ್ದು ತಂದೆವು. ಅದಕ್ಕೆ ಕತ್ತಿನ ಹಿಂದೆ ದಪ್ಪ ಕಾಲರ್ ಇದ್ದು ಮುಖ ಮೇಲಕ್ಕೆ ತಿರುಗಿಸುವ ಹಾಗೆ ಮಾಡಿರುತ್ತಾರೆ. ವಯಸ್ಸು ನೋಡಬೇಡಿ, ತೂಕ ನೋಡಿ ಕೊಳ್ಳಿ. ತೊಡಿಸಿ ಪಟ್ಟಿ ಬಿಗಿದ ಮೇಲೆ ಭುಜದ ಹತ್ತಿರ ಹಿಡಿದು ಮೇಲಕ್ಕೆತ್ತಿ. ಮಗನಿಗೆ ಮೊದಲು ತಂದದ್ದು ಹೀಗೆ ಎತ್ತಿದಾಗ ಕಿವಿಯವರೆಗೆ ಬಂತು, ಹುಡುಗ ಒಳಗಿಂದ ಜಾರಿದ. ತೊಡೆಯ ಸಂದಿನಲ್ಲಿ ಹಾಯುವ ಪಟ್ಟಿ ಇರುವುದಕ್ಕೆ ಬದಲಾಯಿಸಿದೆವು.

ಒಟ್ಟು ಖರ್ಚು ಕೂಡಿಸಿದಾಗ ದೋಣಿಯ ಪಾಲು ಅರ್ಧಕ್ಕಿಂತ ಕಡಿಮೆ. ಮೋಟಾರು, ಬ್ಯಾಟರಿ, ಜಾಕೆಟ್ಟು, ಪಂಪು, ಲಂಗರು, ಹಗ್ಗ, ಶುಲ್ಕ, ಕಳೆದುಕೊಂಡ ಮುಂಗಡ ಸೇರಿ ಅದನ್ನು ಮೀರಿದವು. ಕೈಯಲ್ಲಿರುವ ದುಡ್ಡಿನಲ್ಲಿ ಅರ್ಧವನ್ನು ಮಾತ್ರ ದೋಣಿಗೆ ಅಂತ ಎತ್ತಿಟ್ಟರೆ ನನ್ನ ಹಾಗೆ ಕೊನೆಗೆ ಸಾಲ ಕೇಳಬೇಕಾಗಿಲ್ಲ.

ಮೊದಲ ಸಲ ನೀರಿಗೆ ಇಳಿಸಿದ ದಿನ ಎಲ್ಲ ಸರಿಯಾಗಿತ್ತು. ಬೆಳಿಗ್ಗೆ ಆರೂವರೆಗೆ ತುಂಬಲು ಶುರು, ಏಳೂಕಾಲಿಗೆ ನೀರಲ್ಲಿ. ದಡದಿಂದ ಐವತ್ತು ಮೀಟರ್ ಹೋಗುವಷ್ಟರಲ್ಲಿ ಮಗ, "ಅಪ್ಪ, ನನ್ನ ಚಡ್ಡಿ ಒದ್ದೆ" ಅಂದ. ನಾನು ಬೇರೆ ಏನೋ ಅಂದುಕೊಂಡೆ. ನೋಡಿದರೆ ಹಿಂಬದಿಯ ಹಲಗೆಯ ಬುಡದಿಂದ ನೀರು ತಣ್ಣಗೆ ಒಳಗೆ ಬರುತ್ತಿದೆ. ನೀರು ಹೊರಬಿಡುವ ತೂತಿನ ಮುಚ್ಚಳ ಹಾಕಿಯೇ ಇರಲಿಲ್ಲ. ಹಿಂದಿನ ವಾರ ಒಣಗಲಿ ಅಂತ ನಾನೇ ತೆಗೆದಿದ್ದೆ. ಗಾಳಿ ದೋಣಿ ಇದರಿಂದ ಮುಳುಗುವುದಿಲ್ಲ, ಟ್ಯೂಬಿನಲ್ಲಿ ಗಾಳಿ ಇರುತ್ತದಲ್ಲ. ಆದರೆ ಕಣಕಾಲು ಮಟ್ಟ ನೀರಲ್ಲಿ ಬ್ಯಾಟರಿ ಇಟ್ಟುಕೊಂಡು ಕೂರುವುದು ತಮಾಷೆಯಲ್ಲ. ಹೆಂಡತಿ ನಗುತ್ತಲೇ ಬಕೆಟ್ಟಿನಲ್ಲಿ ನೀರು ಎತ್ತಿದಳು. ಈಗ ಆ ಮುಚ್ಚಳಕ್ಕೆ ಕೆಂಪು ರಿಬ್ಬನ್ ಕಟ್ಟಿದ್ದೇವೆ. ರಿಬ್ಬನ್ ಕಣ್ಣಿಗೆ ಬಿದ್ದರೆ ಮುಚ್ಚಳ ಹಾಕಿಲ್ಲ ಅಂತ.

ಮೀನು ಸಿಕ್ಕಿದ್ದು ಮೂರನೇ ಸಲ, ನಿನ್ನೆ. ಆಳ ನಾಲ್ಕು ಮೀಟರ್ ಇರಬಹುದು. ಗಾಳಿ ಏಳುತ್ತಿತ್ತು, ಲಂಗರು ಬಿಟ್ಟೆವು. ಹಗ್ಗ ಆಳದ ಐದು ಪಟ್ಟಾದರೂ ಬಿಡಬೇಕು, ಬರೀ ನೇರಕ್ಕೆ ಇಳಿಸಿದರೆ ಲಂಗರು ಕಚ್ಚುವುದಿಲ್ಲ, ಉರುಳುತ್ತದೆ. ಕಟ್ಟುವುದು ಮೂತಿಯ ಕಡೆಗೆ. ಹಿಂದೆ ಕಟ್ಟಿದರೆ ಅಲೆ ಮೋಟಾರಿನ ಕಡೆಯಿಂದ ಒಳಗೆ ಹಾರುತ್ತದೆ. ಒಂಬತ್ತರ ಹೊತ್ತಿಗೆ ಮಗಳ ರಾಡ್ ಬಾಗಿತು. ನನ್ನದಲ್ಲ, ಮಗಳದು. ಅಂಗೈಯಷ್ಟು ಉದ್ದದ ಮೀನು, ಬೆನ್ನ ಮೇಲೆ ಮುಳ್ಳಿನ ಸಾಲು ಎಬ್ಬಿಸಿಕೊಂಡು ತಳದ ಮೇಲೆ ಪಟಪಟ ಹೊರಳಿತು. ಎಲ್ಲರೂ ಒಟ್ಟಿಗೆ "ಚಾಪೆ! ಚಾಪೆ!" ಅಂತ ಕೂಗಿದೆವು. ಒದ್ದೆ ಬಟ್ಟೆ ಹಾಕಿ ಹಿಡಿದೆ. ಮುಳ್ಳಾಗಲಿ ಕೊಕ್ಕೆಯಾಗಲಿ 0.9 ಮಿಲಿಮೀಟರ್ ಬಟ್ಟೆಯನ್ನು ಅಷ್ಟು ಸುಲಭಕ್ಕೆ ತೂರುವುದಿಲ್ಲ ಅಂತ ಈಗ ಗೊತ್ತು. ಚೂರಿ ಮಾತ್ರ ಒರೆಯೊಳಗೇ ಇರಬೇಕು. ಅಷ್ಟು ಚಿಕ್ಕದನ್ನು ಇಟ್ಟುಕೊಳ್ಳಲು ಮಗಳಿಗೆ ಮನಸ್ಸಾಗಲಿಲ್ಲ, ಬಿಟ್ಟಳು.

ಸೊಳ್ಳೆ ಮುಲಾಮಿನ ಬಗ್ಗೆ ಒಂದು ಮಾತು. ಡೀಟ್ ಅನ್ನುವ ಅಂಶ ಇರುವ ಮುಲಾಮು ಪಿವಿಸಿಯನ್ನು ಮೆತ್ತಗೆ ಮಾಡುತ್ತದೆ. ಹೆಂಡತಿ ಹಚ್ಚಿಕೊಂಡು ಟ್ಯೂಬಿನ ಮೇಲೆ ಕೈಯೂರಿದ ಜಾಗದಲ್ಲಿ ಈಗಲೂ ಐದು ಬೆರಳಿನ ಅಂಟಂಟು ಗುರುತು ಇದೆ. ದಡದಲ್ಲೇ ಹಚ್ಚಿ, ಕೈ ತೊಳೆದು ಹತ್ತಿ.

ಮನೆಗೆ ಬಂದ ಮೇಲಿನ ಕೆಲಸವನ್ನು ಯಾರೂ ಮೊದಲೇ ಹೇಳುವುದಿಲ್ಲ. ತಳಕ್ಕೂ ಟ್ಯೂಬಿಗೂ ನಡುವಿನ ಸಂದಿಯಲ್ಲಿ ಮರಳು ಸೇರಿರುತ್ತದೆ, ಬಿಟ್ಟರೆ ಅದು ಅರದ ಹಾಗೆ ಬಟ್ಟೆ ತಿನ್ನುತ್ತದೆ. ತಳ ಬಿಚ್ಚಿ ತೊಳೆಯಬೇಕು, ಒಣಗಿಸಬೇಕು. ಒದ್ದೆ ಮಡಚಿದರೆ ಬೂಸು ಹಿಡಿದು ಕಪ್ಪು ಚುಕ್ಕೆ ಬೀಳುತ್ತದೆ, ಅದು ಹೋಗುವುದಿಲ್ಲ. ನಾಲ್ಕು ಗಂಟೆ ನೀರಲ್ಲಿದ್ದರೆ ಆರು ಗಂಟೆ ತಾರಸಿಯಲ್ಲಿ ಅಂತ ಲೆಕ್ಕ ಇಟ್ಟುಕೊಳ್ಳಿ.

ನಡುಮನೆಯ ಸೀಮೆಸುಣ್ಣದ ಗೆರೆಯನ್ನು ಇನ್ನೂ ಪೂರ್ತಿ ಒರೆಸಿಲ್ಲ. ಮಗ ಅದರೊಳಗೆ ಕೂತು ಬರುವ ವಾರ ಮುಂದಿನ ಜಾಗ ತನಗೆ ಅಂತ ಅಕ್ಕನ ಜೊತೆ ಜಗಳ ಆಡುತ್ತಿದ್ದಾನೆ. ಮೋಡ ಕವಿಯುತ್ತಿದೆ. ಎದ್ದು ತಾರಸಿಗೆ ಹೋಗಬೇಕು, ಸಂದಿಯಲ್ಲಿ ಇನ್ನೂ ತೇವ ಇರುತ್ತದೆ.